ಹೊಟ್ಟೆ ತುಂಬಿದರೆ ಸಾಕೇ? ಮಗುವಿನ ಬುದ್ಧಿ ಬೆಳೆಯಲು ಊಟದ ಜೊತೆ ಇನ್ನೇನು ಬೇಕು?

ಮಗುವಿನ ಬುದ್ಧಿ ಚುರುಕಾಗಲು ಈ ಪುಡಿ ಕುಡಿಸಿ, ಈ ವಿಡಿಯೋ ದಿನಕ್ಕೆರಡು ಸಲ ತೋರಿಸಿ ಎನ್ನುವ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಇನ್ನೊಂದು ಕಡೆ ಮನೆಯ ಹಿರಿಯರ ಮಾತಿದೆ: ಹೊಟ್ಟೆ ತುಂಬ ಹಾಕಿ, ಮಗು ತಾನಾಗಿಯೇ ಬೆಳೆಯುತ್ತದೆ. ಇವೆರಡರಲ್ಲಿ ಯಾವುದು ಸರಿ?

ಚಿಕ್ಕದಾಗಿ ಹೇಳುವುದಾದರೆ, ಹಿರಿಯರ ಮಾತು ಅರ್ಧ ಸರಿ. ಸಂದೇಶಗಳ ಪುಡಿ, ವಿಡಿಯೋ ಬೇಕಿಲ್ಲ. ಒಳ್ಳೆಯ ಊಟ ಬೇಕೇ ಬೇಕು. ಆದರೆ ಊಟವೊಂದೇ ಸಾಲದು. ಮೊದಲ ಮೂರು ವರ್ಷಗಳಲ್ಲಿ ಮಗುವಿನ ಜೊತೆ ಮನೆಯವರು ಆಡುವ ಮಾತು ಮತ್ತು ಆಟ ಅದರ ಮುಂದಿನ ಓದು ಮತ್ತು ದುಡಿಮೆಯ ಮೇಲೂ ಪರಿಣಾಮ ಬೀರಬಲ್ಲವು. ಬಡ ಕುಟುಂಬಗಳ ಮಕ್ಕಳನ್ನು ಹತ್ತಾರು ವರ್ಷ ಗಮನಿಸಿದ ಅಧ್ಯಯನಗಳಿಂದ ಇದು ಗೊತ್ತಾಗಿದೆ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ನೋಡೋಣ

ಮಗು ತನ್ನ ವಯಸ್ಸಿಗೆ ತಕ್ಕ ಎತ್ತರ ಬೆಳೆಯದೇ ಇದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಅಪ್ಪ ಅಮ್ಮ ಕುಳ್ಳಗಿದ್ದಾರೆ, ಅದಕ್ಕೇ ಮಗುವೂ ಹಾಗೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಬಡ ಕುಟುಂಬಗಳಲ್ಲಿ ಇದಕ್ಕೆ ಬೇರೆ ಕಾರಣಗಳೇ ಹೆಚ್ಚು: ಗರ್ಭಿಣಿಗೆ ಸಾಲದ ಆಹಾರ, ಮಗುವಿಗೆ ಸಾಲದ ಪೌಷ್ಟಿಕಾಂಶ, ಪದೇ ಪದೇ ಬರುವ ಭೇದಿ ಮತ್ತು ಸೋಂಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಕರ್ನಾಟಕದಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಶೇ. 35.4. ಅಂದರೆ ಮೂರು ಮಕ್ಕಳಲ್ಲಿ ಒಂದು.

ಎತ್ತರ ಕಡಿಮೆಯಾದರೆ ಏನಂತೆ ಎಂದು ಕೇಳಬಹುದು. ಮೂಳೆ ಬೆಳೆಯಬೇಕಾದ ಕಾಲದಲ್ಲೇ ಮೆದುಳೂ ಬೆಳೆಯುತ್ತಿರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಮುಕ್ಕಾಲು ಭಾಗ ತಲುಪಿರುತ್ತದೆ. ಕುಂಠಿತ ಬೆಳವಣಿಗೆಯ ಮಕ್ಕಳು ಮುಂದೆ ಶಾಲೆಯಲ್ಲಿ ಹಿಂದುಳಿಯುವ ಸಾಧ್ಯತೆಯೂ ಹೆಚ್ಚು.

ಜಮೈಕಾದಲ್ಲಿ ನಡೆದ ಪರೀಕ್ಷೆ

ಊಟ ಮುಖ್ಯವೋ, ಆಟ ಮುಖ್ಯವೋ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಸಿದ್ಧ ಅಧ್ಯಯನ ನಡೆದದ್ದು ಕೆರಿಬಿಯನ್ ದ್ವೀಪರಾಷ್ಟ್ರ ಜಮೈಕಾದಲ್ಲಿ. 1986-87ರಲ್ಲಿ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಅವರ ವಯಸ್ಸು 9ರಿಂದ 24 ತಿಂಗಳು. ಇದರ ಮುಂದಾಳು ವೈದ್ಯೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್.

ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು.

• ಒಂದು ಗುಂಪಿಗೆ ವಾರಕ್ಕೆ 1 ಕಿಲೋ ಹಾಲಿನ ಪೌಷ್ಟಿಕ ಪುಡಿ.
• ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಒಂದು ಗಂಟೆಯ ಮನೆಭೇಟಿ.
• ಮೂರನೆಯ ಗುಂಪಿಗೆ ಎರಡೂ.
• ನಾಲ್ಕನೆಯ ಗುಂಪಿಗೆ ಎರಡೂ ಇಲ್ಲ.

ಇದು ಎರಡು ವರ್ಷ ನಡೆಯಿತು. ಮನೆಗೆ ಹೋಗುತ್ತಿದ್ದವರು ಡಾಕ್ಟರುಗಳಲ್ಲ, ನಮ್ಮ ಆಶಾ ಕಾರ್ಯಕರ್ತೆಯರಂಥ ಸಮುದಾಯ ಆರೋಗ್ಯ ಸಹಾಯಕಿಯರು. ಅವರು ಒಯ್ಯುತ್ತಿದ್ದದ್ದು ಬಿಸಾಡಿದ ಡಬ್ಬಿ, ಬಾಟಲಿಗಳಂಥ ವಸ್ತುಗಳಿಂದ ಮಾಡಿದ ಆಟಿಕೆ, ಜೊತೆಗೆ ಸರಳ ಚಿತ್ರಪುಸ್ತಕ. ಮಗುವಿಗೆ ಪಾಠ ಹೇಳುವುದು ಅವರ ಕೆಲಸವಾಗಿರಲಿಲ್ಲ. ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು, ಹೇಗೆ ಮೆಚ್ಚಬೇಕು ಎಂದು ತಾಯಿಗೆ ಆಡಿ ತೋರಿಸುತ್ತಿದ್ದರು.

ಎರಡು ವರ್ಷದ ಕೊನೆಗೆ ಹಾಲು ಪಡೆದವರಲ್ಲೂ ಕಲಿಕೆ ಸುಧಾರಿಸಿತ್ತು, ಆಟ ಪಡೆದವರಲ್ಲೂ ಸುಧಾರಿಸಿತ್ತು. ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಅದೇ ಬಡಾವಣೆಗಳ, ಸರಿಯಾಗಿ ಬೆಳೆದ ಮಕ್ಕಳನ್ನು ಅವರು ಹೆಚ್ಚುಕಡಿಮೆ ಸರಿಗಟ್ಟಿದ್ದರು. ಎತ್ತರದಲ್ಲಿ ಮಾತ್ರ ನೆರವಾದದ್ದು ಹಾಲು. ಆಟದಿಂದ ಎತ್ತರ ಬೆಳೆಯಲಿಲ್ಲ.

22 ವರ್ಷ ವಯಸ್ಸಾದಾಗ

ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಮಕ್ಕಳು ಶಾಲೆಗೆ ಹೋಗುವಾಗ, ಹದಿಹರೆಯಕ್ಕೆ ಬಂದಾಗ, ದುಡಿಯತೊಡಗಿದಾಗ ಮತ್ತೆ ಮತ್ತೆ ಹುಡುಕಿ ಪರೀಕ್ಷಿಸಿದರು. ಕಲಿಕೆಯಲ್ಲಿ ಹಾಲಿನಿಂದ ಸಿಕ್ಕಿದ್ದ ಲಾಭ ವರ್ಷಗಳು ಕಳೆದಂತೆ ಕಾಣದಾಯಿತು. ಆಟ ಮತ್ತು ಮಾತಿನಿಂದ ಸಿಕ್ಕ ಲಾಭ ಉಳಿಯಿತು. ಹದಿನೇಳು ಹದಿನೆಂಟನೇ ವಯಸ್ಸಿನಲ್ಲಿ ಈ ಗುಂಪಿನವರು ಓದಿನಲ್ಲಿ ಮುಂದಿದ್ದರು, ಅವರಲ್ಲಿ ಖಿನ್ನತೆ ಮತ್ತು ಆತಂಕ ಕಡಿಮೆ ಇತ್ತು.

22ರ ವಯಸ್ಸಿನಲ್ಲಿ 129 ಮಂದಿಯಲ್ಲಿ 105 ಮಂದಿ ಸಿಕ್ಕರು. ಚಿಕ್ಕಂದಿನಲ್ಲಿ ಮನೆಭೇಟಿ ಪಡೆದವರ ಸಂಪಾದನೆ ಪಡೆಯದವರಿಗಿಂತ ಸರಾಸರಿ ಶೇ. 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಸಣ್ಣ ಅಧ್ಯಯನ, ಹಾಗಾಗಿ ಎಲ್ಲ ಊರಿನಲ್ಲೂ ಸಂಪಾದನೆ ಇಷ್ಟೇ ಹೆಚ್ಚುತ್ತದೆ ಎಂದು ತಿಳಿಯಬಾರದು. ಆದರೆ ವಾರಕ್ಕೊಂದು ಗಂಟೆಯ ಆಟದ ಗುರುತು ಇಪ್ಪತ್ತು ವರ್ಷವಾದರೂ ಅಳಿಸಿಹೋಗದೆ ಉಳಿದದ್ದು ಸಣ್ಣ ಸಂಗತಿಯಲ್ಲ.

ಹಾಗಾದರೆ ಊಟ ಮುಖ್ಯವಲ್ಲವೇ?

ಹಾಗೆ ಅರ್ಥ ಮಾಡಿಕೊಂಡರೆ ತಪ್ಪಾಗುತ್ತದೆ. ಜಮೈಕಾದಲ್ಲಿ ಹಾಲು ಕೊಡಲು ಶುರು ಮಾಡಿದಾಗ ಮಕ್ಕಳ ಬೆಳವಣಿಗೆ ಆಗಲೇ ಕುಂಠಿತವಾಗಿತ್ತು. ಊಟ ಬೇಗ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಮಧ್ಯ ಅಮೆರಿಕದ ಗ್ವಾಟೆಮಾಲವನ್ನು ನೋಡಬೇಕು.

ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ತುಂಬಿದ ಗಂಜಿ, ಇನ್ನೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಇದು ಸಿಗುತ್ತಿತ್ತು. ಎರಡು ವರ್ಷದೊಳಗೆ ಆ ಗಂಜಿ ಸಿಕ್ಕ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಶೇ. 46ರಷ್ಟು ಹೆಚ್ಚು ಕೂಲಿ ಗಳಿಸುತ್ತಿದ್ದರು. ಹೆಣ್ಣುಮಕ್ಕಳ ಕೂಲಿಯಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಎರಡನ್ನೂ ಒಟ್ಟಿಗೆ ನೋಡಿದರೆ ಅರ್ಥ ಸ್ಪಷ್ಟ. ಊಟ ಇಟ್ಟಿಗೆ, ಸಿಮೆಂಟು ಇದ್ದ ಹಾಗೆ. ಮಾತು, ಆಟ ಗೋಡೆ ಕಟ್ಟುವ ಕೆಲಸ ಇದ್ದ ಹಾಗೆ. ಒಂದಿಲ್ಲದೆ ಇನ್ನೊಂದರಿಂದ ಮನೆ ಏಳುವುದಿಲ್ಲ.

ನಮ್ಮ ದೇಶದಲ್ಲೂ ನೋಡಿದ್ದಾರೆ

ಜಮೈಕಾದ ಪಾಠಕ್ರಮವನ್ನು ನಮ್ಮಲ್ಲಿಗೆ ಒಗ್ಗಿಸಿ ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಪ್ರಯತ್ನಿಸಲಾಯಿತು. 54 ಕೊಳೆಗೇರಿಗಳ 421 ಮಕ್ಕಳು, 18 ತಿಂಗಳು, ವಾರಕ್ಕೊಂದು ಭೇಟಿ. ಭೇಟಿ ಕೊಟ್ಟವರು ಸ್ಥಳೀಯ ಮಹಿಳೆಯರು. ಮಕ್ಕಳ ಯೋಚನಾಶಕ್ತಿ ಸುಧಾರಿಸಿತು.

ನಂತರ ಒಡಿಶಾದ 192 ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಕೆಲವೆಡೆ ತಾಯಂದಿರಿಗೆ ಪೌಷ್ಟಿಕ ಆಹಾರದ ತಿಳಿವಳಿಕೆ ಮಾತ್ರ ಕೊಟ್ಟರು. ಕೆಲವೆಡೆ ಅದರ ಜೊತೆ ಆಟದ ಮನೆಭೇಟಿ, ಇನ್ನು ಕೆಲವೆಡೆ ತಾಯಂದಿರನ್ನು ಒಂದೆಡೆ ಸೇರಿಸಿ ಗುಂಪಿನಲ್ಲಿ ಆಟ. ತಿಳಿವಳಿಕೆ ಮಾತ್ರ ಸಿಕ್ಕ ಕಡೆ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸವಾಗಲಿಲ್ಲ. ಆಟ ಸಿಕ್ಕ ಎರಡೂ ಕಡೆ ಸುಧಾರಿಸಿತು. ಗುಂಪಿಗೆ ತಗುಲಿದ ಖರ್ಚು ಮನೆಭೇಟಿಗಿಂತ ಬಹಳ ಕಡಿಮೆ. ಅಂಗನವಾಡಿಯಲ್ಲಿ ನಡೆಯುವ ತಾಯಂದಿರ ಸಭೆಯಲ್ಲೂ ಇಂಥದ್ದನ್ನು ಮಾಡಬಹುದು ಎಂಬುದಕ್ಕೆ ಇದು ಭರವಸೆ ಕೊಡುತ್ತದೆ.

ಸಾಮಾನ್ಯ ನಂಬಿಕೆಗಳು, ನಿಜಾಂಶಗಳು

ಮಾತು ಬಾರದ ಮಗುವಿನ ಜೊತೆ ಮಾತಾಡಿ ಏನು ಪ್ರಯೋಜನ? ಮಗು ಮಾತಾಡುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಕೇಳಿಸಿಕೊಂಡು ಕಲಿಯುತ್ತಿರುತ್ತದೆ. ಅದು “ಆ”, “ಊ” ಎಂದಾಗ ನೀವೂ ಮುಖ ನೋಡಿ ಉತ್ತರ ಕೊಡಿ. ಈ ಕೊಡು-ಕೊಳ್ಳುವಿಕೆಯೇ ಮಾತಿನ ಮೊದಲ ಪಾಠ.

ಮೊಬೈಲ್ ನೋಡಿದರೆ ಬೇಗ ಮಾತು ಬರುತ್ತದೆ. ಮೊಬೈಲ್ ಮಾತಾಡುತ್ತದೆ, ಆದರೆ ಮಗುವಿಗೆ ಉತ್ತರ ಕೊಡುವುದಿಲ್ಲ. ಎರಡು ವರ್ಷದೊಳಗೆ ಮಗುವನ್ನು ಪರದೆಯ ಮುಂದೆ ಕೂರಿಸುವುದು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ.

ದುಬಾರಿ ಪುಡಿ ಕುಡಿಸಿದರೆ ಬುದ್ಧಿ ಹೆಚ್ಚುತ್ತದೆ. ಆ ಹಣಕ್ಕೆ ಮೊಟ್ಟೆ, ಹೆಸರುಬೇಳೆ, ಕಡಲೆಬೀಜ ತಂದರೆ ಮನೆಗೆ ಹೆಚ್ಚು ಲಾಭ. ಅನೇಕ ಪುಡಿಗಳಲ್ಲಿ ಸಕ್ಕರೆಯೂ ಸಾಕಷ್ಟಿರುತ್ತದೆ. ಡಬ್ಬಿಯ ಹಿಂಬದಿ ಓದಿ ನೋಡಿ.

ಬೇಳೆ ಕಟ್ಟು ಕುಡಿಸಿದರೆ ಸಾಕು. ಕಟ್ಟಿನಲ್ಲಿ ನೀರೇ ಹೆಚ್ಚು. ಶಕ್ತಿ ಇರುವುದು ಬೇಳೆಯಲ್ಲಿ. ಬೇಳೆಯನ್ನೇ ಕಿವುಚಿ ಕೊಡಿ.

ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟರೆ ಮಗು ಸುಮ್ಮನಿರುತ್ತದೆ. ಚಹಾ ಊಟದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬರುತ್ತದೆ, ಎಳೆಯ ಮೆದುಳಿಗೂ ತೊಂದರೆ.

ಖರ್ಚಿಲ್ಲದೆ ಏನು ಮಾಡಬಹುದು?

*ಊಟದಲ್ಲಿ:* ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಜೇನು, ನೀರು ಯಾವುದೂ ಬೇಡ. ಒಂದು ವರ್ಷದೊಳಗೆ ಜೇನು ಅಪಾಯಕಾರಿಯೂ ಹೌದು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ರಾಗಿ ಸರಿ, ಮೆತ್ತಗಿನ ಅನ್ನ ಬೇಳೆ, ಸೊಪ್ಪು, ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ. ಗಟ್ಟಿಯಾಗಿರಲಿ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೀಳಲಿ. ಅಡುಗೆಗೆ ಅಯೋಡಿನ್ ಉಪ್ಪು ಬಳಸಿ. ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರ ಆ ಮಗುವಿನ ಪಾಲು, ಅದಕ್ಕೇ ಮೊದಲು ತಲುಪಲಿ.

*ಆರು ತಿಂಗಳವರೆಗೆ:* ಮುಖ ನೋಡಿ ನಗಿಸಿ, ಜೋಗುಳ ಹಾಡಿ, ಸ್ನಾನ ಮಾಡಿಸುವಾಗ ಕೈ, ಕಾಲು, ಮೂಗು ಎಂದು ಹೆಸರು ಹೇಳಿ.

*ಆರರಿಂದ ಹನ್ನೆರಡು ತಿಂಗಳು:* ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟ, ಬಟ್ಟಲಿಗೆ ಚಮಚ ಬಡಿಯಲು ಬಿಡುವುದು, ಡಬ್ಬಿಯೊಳಗೆ ವಸ್ತು ಹಾಕಿ ತೆಗೆಯುವುದು. ಬಾಯಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕ ವಸ್ತು ಬೇಡ.

*ಒಂದರಿಂದ ಮೂರು ವರ್ಷ:* ಈರುಳ್ಳಿ ಒಂದು ಕಡೆ, ಆಲೂಗಡ್ಡೆ ಇನ್ನೊಂದು ಕಡೆ ಮಾಡಿಸುವುದು, ಬಟ್ಟೆ ಮಡಿಸುವಾಗ ಬಣ್ಣ ಹೇಳುವುದು, ಹಳೆಯ ಪತ್ರಿಕೆಯ ಚಿತ್ರ ತೋರಿಸಿ “ಇದೇನು?” ಎಂದು ಕೇಳುವುದು, ಕಥೆ ಹೇಳುವುದು. ಮಗು ಏನಾದರೂ ಮಾಡಿ ತೋರಿಸಿದರೆ ಮೆಚ್ಚಿ. ಹೊಡೆಯಬೇಡಿ.

ಇದೆಲ್ಲ ತಾಯಿಯೊಬ್ಬಳ ಕೆಲಸ ಎಂದು ಬಿಡಬಾರದು. ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ದಣಿದು ಬರುವವಳ ಮೇಲೆ ಇನ್ನೊಂದು ಹೊರೆ ಹಾಕಿದರೆ ಆಕೆಗೂ ಸುಖವಿಲ್ಲ, ಮಗುವಿಗೂ ಇಲ್ಲ. ಅಪ್ಪ, ಅಜ್ಜಿ, ತಾತ, ಅಕ್ಕ, ಅಣ್ಣ ಎಲ್ಲರೂ ಆಡಿಸಬಹುದು. ಹೆರಿಗೆಯ ನಂತರ ತಾಯಿ ಸದಾ ಬೇಸರದಲ್ಲಿದ್ದರೆ, ಅಳುತ್ತಿದ್ದರೆ ಅದು ಸೋಮಾರಿತನವಲ್ಲ, ಕಾಯಿಲೆಯಾಗಿರಬಹುದು. ಆಕೆಗೂ ಚಿಕಿತ್ಸೆ ಬೇಕು. ಕೂಲಿ ಮಾಡುವವರ ಎಳೆಯ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಶುರುವಾಗಿವೆ. ನಿಮ್ಮ ಊರಲ್ಲಿ ಇದೆಯೇ, ಅಲ್ಲಿ ಮಕ್ಕಳನ್ನು ಆಡಿಸುತ್ತಾರೆಯೇ ಎಂದು ವಿಚಾರಿಸಿ.

ಯಾವಾಗ ತೋರಿಸಬೇಕು?

ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಹೇಳದಿದ್ದರೆ, ಅಥವಾ ಮೊದಲು ಬರುತ್ತಿದ್ದದ್ದು ಮರೆತುಹೋದರೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಂಗನವಾಡಿಯಲ್ಲಿ ತೂಕದ ಜೊತೆ ಎತ್ತರವನ್ನೂ ಅಳೆಸಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು

ಮಗುವಿಗೆ ಮೂರು ವರ್ಷ ತುಂಬುವವರೆಗೆ ಗಟ್ಟಿ ಊಟ, ಜೊತೆಗೆ ದಿನವೂ ಮಾತು ಮತ್ತು ಆಟ. ಪುಡಿ ಬೇಡ, ಮೊಬೈಲ್ ಬೇಡ. ಊಟ ಉಣಿಸುವಾಗಲೇ ಮಾತಾಡಿಸಿದರೆ ಎರಡೂ ಕೆಲಸ ಒಟ್ಟಿಗೇ ಆಗುತ್ತವೆ.