ಕಲ್ಲು ಸಾಗಿದ ಕಥೆ ಕಲ್ಲಿನ ಮೇಲೆಯೇ

ಕೋಟೆಗಳು ಕಟ್ಟಿಸಿದವರ ಹೆಸರು ಹೇಳುವುದು ಸಾಮಾನ್ಯ. ಕಟ್ಟಿದ ಬಗೆಯನ್ನು ಹೇಳುವುದು ಅಪರೂಪ. ರಾಯಚೂರಿನ ಕೋಟೆ ಎರಡನ್ನೂ ಹೇಳುತ್ತದೆ. ಅದನ್ನು ಓದಲು ಟಿಕೆಟ್ ಬೇಕಿಲ್ಲ, ಬಯಲಲ್ಲಿ ನಿಂತು ಗೋಡೆಯತ್ತ ಕಣ್ಣು ಹಾಯಿಸಿದರೆ ಸಾಕು.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಭಾರಿ ಕಲ್ಲಿದೆ. ಉದ್ದ 41 ಅಡಿ 7 ಅಂಗುಲ, ಎಂದರೆ ಸುಮಾರು 12.7 ಮೀಟರ್. ಕವಿತಾಳ, ಮಾನ್ವಿಗಳಿಂದ ಜನರನ್ನು ಹೊತ್ತು ತರುವ ಬಸ್ಸಿಗಿಂತಲೂ ಉದ್ದವೆನ್ನಬಹುದು. ಅದರ ಮೇಲಿನ ಶಾಸನ ಕ್ರಿ.ಶ. 1294ರದು; ಭಾಷೆ ತೆಲುಗು. ಕಾಕತೀಯರ ಸಾಮಂತ ಗೋರೆ ಗನ್ನಯ್ಯ ರೆಡ್ಡಿಯ ಮಂತ್ರಿ ವಿಠ್ಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು ರಾಯಚೂರನ್ನು ಹೊಕ್ಕು, ಜನರ ರಕ್ಷಣೆಗಾಗಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಮಾನುವ ಎಂದರೆ ಇಂದಿನ ಮಾನ್ವಿ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಫಲವತ್ತಾದ ದೋಆಬಿಗಾಗಿ ಮುಂದೆಯೂ ಶತಮಾನಗಟ್ಟಲೆ ಕಾದಾಟ ನಡೆಯಿತು. 1520ರಲ್ಲಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹನ ಸೇನೆಗಳು ಸೆಣಸಿದ್ದೂ ಈ ಕೋಟೆಗಾಗಿಯೇ.

ಆದರೆ ನೋಡಲೇಬೇಕಾದದ್ದು ಅಕ್ಷರಗಳ ಜೊತೆಗಿರುವ ಚಿತ್ರ. ಗಟ್ಟಿ ಗಾಲಿಗಳ ಬಂಡಿಯ ಮೇಲೆ ಆ ಉದ್ದನೆಯ ಕಲ್ಲು ಮಲಗಿದೆ. ಮುಂದೆ ಕೋಣಗಳ ಸಾಲು. ಅವುಗಳನ್ನು ಹುರಿದುಂಬಿಸುವ ಆಳುಗಳು. ಗಾಲಿಯ ಬಳಿ ಮರದ ಸನ್ನೆಕೋಲು ಹಾಕಿ ಮುಂದಕ್ಕೆ ತಳ್ಳುವವರು. ಗಾರೆಯ ನೆರವಿಲ್ಲದೆ, ಹದವಾಗಿ ಕೊರೆದ ಬಂಡೆಗಳನ್ನೇ ಒಂದಕ್ಕೊಂದು ಕೂಡಿಸಿದ ಈ ಗೋಡೆಗೆ ಕಲ್ಲು ಬಂದ ದಾರಿ ಹೀಗೆ ಗೋಡೆಯ ಮೇಲೆಯೇ ಉಳಿದಿದೆ.

ಶಾಸನದಲ್ಲಿ ಒಡೆಯನಿಗೂ ಮಂತ್ರಿಗೂ ಹೆಸರುಂಟು. ಎಳೆದವರಿಗೆ, ತಳ್ಳಿದವರಿಗೆ ಹೆಸರಿಲ್ಲ. ಆದರೂ ಹೆಸರು ಕೊಡದ ಕಡೆ ಅವರ ರೂಪವನ್ನಾದರೂ ಕೆತ್ತಿದ ಉದಾಹರಣೆಗಳು ವಿರಳ. ದುಡಿಮೆಯನ್ನು ನೆನೆಯುವ ಆ ಕಾಲದ ದಾಖಲೆಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವೇ ಸಲ್ಲಬೇಕು.

ಬಯಲಲ್ಲಿರುವ ಕೆತ್ತನೆಗೆ ಮಳೆ, ಬಿಸಿಲು, ಬೇರು ಬಿಡುವ ಗಿಡಗಳು, ಹೆಸರು ಗೀಚುವ ಕೈಗಳು ಎಲ್ಲವೂ ಶತ್ರುಗಳೇ. ಕಾವಲುಗಾರ ಎಲ್ಲ ವೇಳೆ ನಿಲ್ಲಲಾರ. ಇದು ಏನೆಂದು ಬಲ್ಲ ದಾರಿಹೋಕನೇ ಇದಕ್ಕೆ ಒಳ್ಳೆಯ ಕಾವಲು. ಸಂತೆಗೋ ಕಚೇರಿ ಕೆಲಸಕ್ಕೋ ರಾಯಚೂರಿಗೆ ಬಂದವರು ಮಕ್ಕಳ ಕೈಹಿಡಿದು ಆ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಲಿ. ಕೋಣಗಳೆಷ್ಟೆಂದು ಮಕ್ಕಳೇ ಎಣಿಸಲಿ.