ಹುಳು ಹಣ್ಣಾಗುವ ವಾರ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಮಕ್ಕಳ ರಕ್ಷಣೆ, ಮನೆಯ ಮಾತು ಮತ್ತು ಊರಿನ ಹೊಣೆ

ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಮನೆಯಲ್ಲಿ ಮುಕ್ತವಾಗಿ ಮಾತಾಡಿ ಎಂಬ ಸಲಹೆ ಈಗ ಸಾಮಾನ್ಯವಾಗಿದೆ. ಆದರೆ ಯಾರು, ಯಾವ ಹೊತ್ತಿನಲ್ಲಿ ಮಾತಾಡಬೇಕು ಎಂಬ ವಿವರಕ್ಕೆ ಆ ಸಲಹೆ ಇಳಿಯುವುದು ಅಪರೂಪ. ಮುದ್ದೇನಹಳ್ಳಿಯ ಸುತ್ತಲಿನ ಹಳ್ಳಿಗಳು, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ವಿವರವೇ ಮುಖ್ಯವಾಗುತ್ತದೆ. ಇಲ್ಲಿ ಮಗುವಿಗೆ ಮಾತು ಕಲಿಸುವ ಮೊದಲು ಅದರ ಮಾತಿಗೆ ಕಿವಿಗೊಡುವವರನ್ನು ಗೊತ್ತುಮಾಡಬೇಕು ಎಂಬುದು ಈ ಲೇಖನದ ವಾದ.

ರೇಷ್ಮೆ ಸಾಕುವ ಮನೆಯನ್ನೇ ನೋಡೋಣ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಹುಳು ಸೊಪ್ಪು ಮುಕ್ಕುವ ಪರಿ ನೋಡಿದವರಿಗೇ ಗೊತ್ತು. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ಗಂಡಸರು ತೋಟದಲ್ಲಿ ಸೊಪ್ಪು ಕೊಯ್ದರೆ ಹೆಂಗಸರು ಹೊತ್ತುಹೊತ್ತಿಗೆ ಸೊಪ್ಪು ಕೊಡುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತೆಂದರೆ ಆಯ್ದು, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುವ ಕೆಲಸಕ್ಕೆ ಹಗಲು ರಾತ್ರಿ ಎಂಬ ಭೇದವಿಲ್ಲ. ನೆಂಟರು, ಮುಯ್ಯಾಳುಗಳು, ಕೂಲಿಯವರು ಮನೆ ತುಂಬುತ್ತಾರೆ. ಬೇರೆ ಹುಳುಮನೆ ಕಟ್ಟಿಸದ ಸಣ್ಣ ರೈತರಲ್ಲಿ ಮಲಗುವ ಜಾಗವೂ ಹುಳುವಿಗೇ ಹೋಗುತ್ತದೆ. ಆಗ ಮಗು ಪಕ್ಕದ ಮನೆಯಲ್ಲೋ ದೊಡ್ಡಪ್ಪನ ಮನೆಯಲ್ಲೋ ಮಲಗುತ್ತದೆ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕೆಲಸ ನಸುಕಿಗೇ ಶುರು. ಗೌರಿಬಿದನೂರಿನ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರದೂ ಬೆಳಗ್ಗೆ ಹೊರಟು ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಬದುಕು. ಇದು ತಂದೆತಾಯಿಯ ಬೇಜವಾಬ್ದಾರಿಯಲ್ಲ, ಈ ಸೀಮೆಯ ದುಡಿಮೆಯ ಸ್ವರೂಪ. ಮಗು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಗೂಡಿನ ಕ್ಯಾಲೆಂಡರ್ ತೀರ್ಮಾನಿಸುತ್ತದೆ.

‘ಗೊತ್ತಿಲ್ಲದವರ ಹತ್ತಿರ ಹೋಗಬೇಡ’ ಎಂಬ ಬುದ್ಧಿಮಾತು ಈ ಕ್ಯಾಲೆಂಡರಿಗೆ ತಾಗುವುದೇ ಇಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. ಪೊಲೀಸ್ ದಾಖಲೆಗಳಿಗೆ ಬಂದರೆ ಚಿತ್ರ ಇನ್ನೂ ಕಟು: ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ (ಪೋಕ್ಸೊ) ಅಡಿಯ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ. ಮಾವ ಎಂದೋ ಅಣ್ಣ ಎಂದೋ ಕರೆಯುವ ವ್ಯಕ್ತಿಯ ಮೇಲೆ ದೂರು ಹೇಳುವುದೆಂದರೆ ಮಗು ಒಂದು ಇಡೀ ನೆಂಟಸ್ತಿಕೆಯನ್ನೇ ಎದುರು ಹಾಕಿಕೊಂಡಂತೆ. ಮಕ್ಕಳು ತಡವಾಗಿ ಹೇಳುವುದೂ, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಸುಳ್ಳಿನ ಲಕ್ಷಣವಲ್ಲ, ಸಿಕ್ಕಿಬಿದ್ದ ಸ್ಥಿತಿಯ ಲಕ್ಷಣ ಎಂದು ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲೇ ವಿವರಿಸಿದ್ದರು.

ಮಗುವಿಗೆ ಪಾಠ ಹೇಳಿದರೆ ಸಾಕೇ? ಶಾಲೆಗಳಲ್ಲಿ ನಡೆಸುವ ಸುರಕ್ಷತಾ ಪಾಠಗಳ ಕುರಿತ 24 ಪ್ರಯೋಗಗಳನ್ನು ಆರೋಗ್ಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಾಮರ್ಶಿಸಿತು. ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ಪಾಠದಿಂದ ಅವರು ಹೆದರಿಕೊಳ್ಳುವುದಿಲ್ಲ. ಆದರೆ ದೌರ್ಜನ್ಯವೇ ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ‘ಇದನ್ನೆಲ್ಲ ಮಕ್ಕಳಿಗೆ ಯಾಕೆ ಹೇಳಿ ಕೆಡಿಸ್ತೀರಿ’ ಎನ್ನುವ ಹಿರಿಯರಿಗೆ ಈ ಫಲಿತಾಂಶದ ಮೊದಲ ಅರ್ಧ ಉತ್ತರವಾದೀತು. ಪಾಠ ಮಾಡಿ ಕೈತೊಳೆದುಕೊಳ್ಳುವ ಇಲಾಖೆಗಳು ಎರಡನೆಯ ಅರ್ಧವನ್ನು ಓದಬೇಕು.

ಮಗುವನ್ನು ಗಮನಿಸುವವರು ಯಾರು ಎಂಬ ಪ್ರಶ್ನೆಗೆ ಚಿಕ್ಕಬಳ್ಳಾಪುರ ಜಿಲ್ಲೆಯದೇ ಒಂದು ಉದಾಹರಣೆಯಿದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಸೇರಿದ್ದ ಒಂಬತ್ತನೇ ತರಗತಿಯ ಬಾಲಕಿಯೊಬ್ಬಳು 2024ರ ಜನವರಿಯಲ್ಲಿ ಮಗು ಹೆತ್ತಾಗಲೇ ವಿಷಯ ಹೊರಬಿದ್ದದ್ದು. ಪೋಕ್ಸೊ ಅಡಿ ಪ್ರಕರಣ ದಾಖಲಾಯಿತು, ವಾರ್ಡನ್ ಅಮಾನತಾದರು. ಯಾರ ತಪ್ಪೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಮನೆ, ಶಾಲೆ, ಹಾಸ್ಟೆಲ್ ಮೂರೂ ಇದ್ದ ಮಗುವಿನ ಬಗ್ಗೆ ಮೂರೂ ಕಡೆಯವರು ‘ಇನ್ನೊಂದು ಕಡೆ ಇದ್ದಾಳೆ, ಅವರು ನೋಡಿಕೊಳ್ಳುತ್ತಾರೆ’ ಎಂದುಕೊಂಡಿರಬಹುದಾದ ಸಾಧ್ಯತೆಯೇ ಇಲ್ಲಿ ಗಮನಿಸಬೇಕಾದದ್ದು.

ಕಾನೂನಿನಲ್ಲಿ ಕೊರತೆ ಕಡಿಮೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ದೌರ್ಜನ್ಯದ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆಯಾಗಬಹುದು. 24ನೇ ಕಲಮಿನಂತೆ ಪೊಲೀಸರು ಸಮವಸ್ತ್ರವಿಲ್ಲದೆ, ಮಗುವಿನ ಮನೆಯಲ್ಲೋ ಅದು ಬಯಸಿದಲ್ಲೋ ಹೇಳಿಕೆ ಪಡೆಯಬೇಕು. ಆದರೂ ಊರಲ್ಲಿ ಮೊದಲು ಕೂರುವುದು ರಾಜಿ ಪಂಚಾಯಿತಿಯೇ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣದಲ್ಲಿ ಮಗುವಿನ ತಂದೆ ರಾಜಿಯಾದ ಮಾತ್ರಕ್ಕೆ ಮೊಕದ್ದಮೆ ರದ್ದಾಗದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಈ ತೀರ್ಪು ಅರಳಿಕಟ್ಟೆಗೆ ತಲುಪಬೇಕಾದರೆ ವಕೀಲರಿಗಿಂತ ಸ್ತ್ರೀಶಕ್ತಿ ಸಂಘದ ವಾರದ ಸಭೆಯೇ ಹತ್ತಿರದ ದಾರಿ.

ಭಾಷೆಯ ಮಾತೂ ಉಂಟು. ಆಂಧ್ರದ ಗಡಿಗೆ ತಾಗಿದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಿಡ್ಲಘಟ್ಟದ ನೂಲು ಬಿಚ್ಚುವ ರೀಲರುಗಳ ಬೀದಿಗಳಲ್ಲಿ ಉರ್ದು. ಮಕ್ಕಳ ರಕ್ಷಣೆಯ ಭಿತ್ತಿಪತ್ರ ಮಾತ್ರ ಕನ್ನಡದ್ದು. ನೋವಾದಾಗ ಮಗು ಮಾತಾಡುವುದು ಅಮ್ಮನ ಭಾಷೆಯಲ್ಲಿ. ಪೋಕ್ಸೊದ 38ನೇ ಕಲಮು ಭಾಷಾಂತರಕಾರರ ನೆರವಿಗೆ ಅವಕಾಶ ಕೊಟ್ಟಿದೆಯಾದರೂ ಅದು ಕೆಲಸಕ್ಕೆ ಬರುವುದು ಠಾಣೆ, ಕೋರ್ಟು ಮುಟ್ಟಿದ ಮೇಲೆ. ಅದಕ್ಕೂ ಮುಂಚೆ ಆ ನೆರವು ಸಿಗುವುದು ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರಿಂದ. ಅವರು ಅದೇ ಊರಿನವರು, ಮನೆಮನೆಯ ಅಡುಗೆಮನೆವರೆಗೂ ಹೋಗಿಬರುವವರು. ಅದೇ ಊರಿನವರಾದ್ದರಿಂದಲೇ ದೂರು ಕೊಟ್ಟ ಮರುದಿನವೂ ಅದೇ ಓಣಿಯಲ್ಲಿ ಓಡಾಡಬೇಕಾದ ಭಯವೂ ಅವರದು. ಕರೆ ಮಾಡಿದವರ ಹೆಸರು ಹೊರಬೀಳದಂತೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವ ಕ್ರಮವನ್ನು ಅವರಿಗೆ ಮೊದಲು ರೂಢಿ ಮಾಡಿಸಬೇಕು.

ಮನೆಯ ಮಾತೂ ಹೀಗೆಯೇ ಕೆಲಸಕ್ಕೆ ಹೊಂದಿಕೊಳ್ಳಬೇಕು. ಹುಳು ಮೇಯಿಸುವ ಮುಂಚೆಯೇ ‘ಈ ವಾರ ಯಾರ ಮನೇಲಿ ಮಲಗ್ತೀಯ, ಅಲ್ಲಿ ಇನ್ಯಾರು ಇರ್ತಾರೆ, ಇಷ್ಟ ಇಲ್ಲದಿದ್ರೆ ಯಾರಿಗೆ ಹೇಳ್ತೀಯ’ ಎಂದು ಕೇಳುವುದು. ಮಗು ‘ಅಲ್ಲಿ ಬೇಡ’ ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳುವುದು. ನೆಂಟರ ಮನಸ್ಸು ನೋಯುತ್ತದೆಂಬ ಅಳುಕನ್ನು ದೊಡ್ಡವರೇ ಹೊರಬೇಕು.

ಮಕ್ಕಳ ಗ್ರಾಮಸಭೆ ಒಳ್ಳೆಯ ವೇದಿಕೆ, ಆದರೆ ಶೌಚಾಲಯ, ಬಸ್ಸು, ಕಾಂಪೌಂಡಿನ ಬೇಡಿಕೆಗೆ ಒದಗುವಷ್ಟು ಇಂಥ ಮಾತಿಗೆ ಒದಗದು. ಮೈಕಿನ ಮುಂದೆ ಇದನ್ನು ಯಾವ ಮಗುವೂ ಹೇಳುವುದಿಲ್ಲ. ಅದಕ್ಕೆ ಶಾಲೆಯ ದೂರುಪೆಟ್ಟಿಗೆ ಇದೆ. ಆದರೆ ಪೆಟ್ಟಿಗೆಯನ್ನು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಿಗೇ ತೂಗುಹಾಕಿ ಬೀಗದ ಕೈಯನ್ನೂ ಅವರ ಮೇಜಿನಲ್ಲೇ ಇಟ್ಟರೆ ಶಿಕ್ಷಕರ ಮೇಲಿನ ದೂರು ಅದರೊಳಗೆ ಬೀಳುವುದೇ? ಪೆಟ್ಟಿಗೆಯನ್ನು ನೀರಿನ ತೊಟ್ಟಿಯ ಹತ್ತಿರವೋ, ಎಲ್ಲ ಮಕ್ಕಳೂ ಹೇಗಿದ್ದರೂ ಹಾದುಹೋಗುವ ಜಾಗದಲ್ಲೋ ಇಡಬೇಕು. ಎರಡು ಬೀಗ ಹಾಕಿ, ಒಂದರ ಕೈಯನ್ನು ಶಾಲೆಯಲ್ಲಿಟ್ಟು, ಇನ್ನೊಂದನ್ನು ಶಾಲೆಗೆ ಸಂಬಂಧಪಡದ ಪಂಚಾಯಿತಿ ಮಹಿಳಾ ಸದಸ್ಯೆಗೆ ಕೊಟ್ಟು, ಗೊತ್ತುಮಾಡಿದ ದಿನ ಇಬ್ಬರೂ ಸೇರಿಯೇ ತೆರೆಯುವಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಠರಾವು ಮಾಡಬಹುದು. ಖರ್ಚು ಇನ್ನೊಂದು ಬೀಗದ್ದು ಮಾತ್ರ.