ಬಾಡಿಗೆಗೆ ಸಿಕ್ಕ ಓಡುವ ಮನೆ

1915ರಲ್ಲಿ ನ್ಯೂಯಾರ್ಕ್ ಸಮೀಪದ ಹಂಟಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೊರಟ ಬಸ್ಸೊಂದು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಉದ್ದ 25 ಅಡಿ, ತೂಕ ಸುಮಾರು 8 ಟನ್. ಒಳಗೆ ಮಲಗಲು ಬರ್ತ್‌ಗಳು, ಅಡುಗೆಮನೆ, ಮಡಚುವ ಮೇಜು, ದೀಪಕ್ಕೆ ಸ್ವಂತ ಜನರೇಟರ್. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ರೋಲೆಂಡ್ ಕಾಂಕ್ಲಿನ್ ಬಸ್ ತಯಾರಿಸುವ ಕಂಪನಿಯ ಒಡೆಯ. ದೇಶದ ಉದ್ದಕ್ಕೂ ಡಾಂಬರು ರಸ್ತೆ ಇರದ ಆ ಕಾಲದಲ್ಲಿ ಸಂಸಾರ ಸಮೇತ ಹೀಗೆ ಹೊರಡುವುದು ಅಂಥವರಿಗಷ್ಟೇ ಸಾಧ್ಯವಿತ್ತು.

ಅಷ್ಟು ಅನುಕೂಲ ಇಲ್ಲದವರು ತಾವೇ ಕೈಯಾರೆ ಕಟ್ಟಿಕೊಂಡರು.

ಜರ್ಮನಿಯ ಇಸ್ನಿ ಪಟ್ಟಣದ ಆರಿಸ್ಟ್ ಡೆತ್‌ಲೆಫ್ಸ್ ಅವರದು ಚಾಟಿ ಮತ್ತು ಸ್ಕೀ ಕೋಲು ತಯಾರಿಸುವ ಮನೆತನ. ವ್ಯಾಪಾರಕ್ಕಾಗಿ ಊರೂರು ಅಲೆಯಬೇಕಾಗುತ್ತಿತ್ತು. ಚಿತ್ರ ಕಲಾವಿದೆಯಾದ ಪತ್ನಿ ಫ್ರಿಡೆಲ್‌ಗೆ ಜೊತೆಯಲ್ಲೇ ಇರಬೇಕು, ದಾರಿಯಲ್ಲಿ ಚಿತ್ರವನ್ನೂ ಬರೆಯಬೇಕು ಎಂಬ ಆಸೆ. 1931ರಲ್ಲಿ ಡೆತ್‌ಲೆಫ್ಸ್ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯನ್ನು ಕಟ್ಟಿದರು. ಚಾಟಿ ಮಾಡುತ್ತಿದ್ದ ಮನೆತನದ ಹೆಸರು ಮುಂದೆ ಕ್ಯಾರವಾನ್‌ಗಳ ಮೇಲೆ ಬಂತು.

ಇಪ್ಪತ್ತು ವರ್ಷಗಳ ನಂತರ, 1951ರಲ್ಲಿ, ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ‘ಕ್ಯಾಂಪಿಂಗ್ ಬಾಕ್ಸ್’ ತಯಾರಿಸಿತು. ವಾರವಿಡೀ ಸರಕು ಹೊರುವ ವ್ಯಾನು ಪೆಟ್ಟಿಗೆ ಕೂರಿಸಿದರೆ ಮಲಗುವ ಕೋಣೆ; ರಜೆ ಮುಗಿದ ಮೇಲೆ ಅದನ್ನು ತೆಗೆದಿಟ್ಟರೆ ಮತ್ತೆ ವ್ಯಾಪಾರದ ಗಾಡಿ.

ಅಮೆರಿಕದಲ್ಲಿ 1956ರ ಕಾಯ್ದೆ ಸುಮಾರು 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳಿಗೆ ದಾರಿ ಮಾಡಿಕೊಟ್ಟಿತು. ಎರಡೇ ವರ್ಷದಲ್ಲಿ ಮಿಷಿಗನ್‌ನ ಬ್ರೌನ್ ಸಿಟಿಯ ರೇ ಫ್ರಾಂಕ್ ತಮ್ಮ ಕುಟುಂಬದ ಪ್ರವಾಸಕ್ಕೆಂದು ಎಂಜಿನ್ನೂ ಮನೆಯೂ ಒಂದೇ ಆಗಿರುವ ವಾಹನ ಕಟ್ಟಿದರು. ನೋಡಿದವರು ತಮಗೂ ಬೇಕೆಂದರು. 1961ರ ಹೊತ್ತಿಗೆ ಫ್ರಾಂಕ್ ಅವರು ಡಾಡ್ಜ್ ಚಾಸಿಯ ಮೇಲೆ ಇಂಥವನ್ನು ತಯಾರಿಸಿ ಮಾರುತ್ತಿದ್ದರು. 1966ರಲ್ಲಿ ಅಯೋವಾದ ವಿನ್ನೆಬಾಗೊ ಕಾರ್ಖಾನೆ ಅಸೆಂಬ್ಲಿ ಲೈನ್‌ನಲ್ಲಿ ಮೋಟಾರ್‌ಹೋಮ್ ಮಾಡತೊಡಗಿ ಬೆಲೆ ಇಳಿಸಿತು.

ಬೆಲೆ ಇಳಿದರೂ ಸಾಮಾನ್ಯ ಸಂಸಾರಕ್ಕೆ ಅದು ಭಾರವೇ. ವರ್ಷಕ್ಕೆರಡು ವಾರದ ರಜೆಗಾಗಿ ಅಷ್ಟು ದೊಡ್ಡ ಗಾಡಿಯನ್ನು ಮನೆಮುಂದೆ ನಿಲ್ಲಿಸಿಕೊಳ್ಳುವುದು ಎಷ್ಟು ಜನರಿಂದಾದೀತು? 1972ರಲ್ಲಿ ಶುರುವಾದ ಕ್ರೂಸ್ ಅಮೆರಿಕದಂಥ ಬಾಡಿಗೆ ಕಂಪನಿಗಳು ಈ ಕೊರತೆ ತುಂಬಿದವು. ಕಾಂಕ್ಲಿನ್ ಸಂಸಾರದ ಭಾಗ್ಯ ಸಂಬಳದಾರರ ಕೈಗೂ ಎಟುಕಿದ್ದು ಹೀಗೆ. ಬಾಡಿಗೆಯೇ ಈ ಇತಿಹಾಸದ ನಿಜವಾದ ತಿರುವು.

ಬಾಡಿಗೆ ಪ್ರವಾಸದ ಮೊದಲ ಗಂಟೆ ಡಿಪೋದಲ್ಲೇ ಕಳೆಯುತ್ತದೆ. ನೀರಿಗೆ ಮೂರು ಟ್ಯಾಂಕ್: ಬಳಕೆಯ ಶುದ್ಧ ನೀರು, ಸಿಂಕ್ ಮತ್ತು ಸ್ನಾನದ ಕೊಳೆನೀರು, ಶೌಚದ ನೀರು. ಕ್ಯಾಂಪಿನಲ್ಲಿ ಖಾಲಿ ಮಾಡುವಾಗ ಶೌಚದ ಟ್ಯಾಂಕ್ ಮೊದಲು, ಸಿಂಕಿನದು ಆಮೇಲೆ. ಸೋಪಿನ ನೀರು ಹರಿದು ಪೈಪು ತೊಳೆದುಹೋಗಲಿ ಎಂದು. ಗ್ಯಾಸ್ ವಾಲ್ವ್ ಎಲ್ಲಿದೆ, ಕ್ಯಾಂಪಿನ ಕರೆಂಟಿಗೆ ಕೇಬಲ್ ಹೇಗೆ ಸಿಕ್ಕಿಸಬೇಕು, ಹೊರಡುವ ಮುನ್ನ ಯಾವ ಕಪಾಟಿಗೆ ಚಿಲಕ ಹಾಕಬೇಕು, ಇವೆಲ್ಲ ಪಾಠದಲ್ಲಿ ಸೇರಿವೆ. ಗಾಡಿಯ ಎತ್ತರವನ್ನು ಚಾಲಕ ಬಾಯಿಪಾಠ ಮಾಡಿಕೊಳ್ಳಬೇಕು. ತಗ್ಗಿನ ಸೇತುವೆ, ಪೆಟ್ರೋಲ್ ಬಂಕಿನ ಚಾವಣಿಗಳು ಕಾರಿನವರಿಗೆ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದಲ್ಲಿ ಇಂಥ ಬಾಡಿಗೆ ಗಾಡಿ ಓಡಿಸಲು ಸಾಮಾನ್ಯ ಕಾರ್ ಲೈಸೆನ್ಸ್ ಸಾಕಾದ್ದರಿಂದ, ಬಹುಪಾಲು ಕುಟುಂಬಗಳಿಗೆ ಈ ಒಂದು ಗಂಟೆಯೇ ಇಡೀ ತರಬೇತಿ.